ಶ್ರಾವಣದ ತಿಂಗಳಿಗೆ ನಾನು ಮಾಡಿಕೊಂಡ ಹಾಪ್ಸ್ ನೀರು

ಶ್ರಾವಣದಲ್ಲಿ ಮಾಂಸ, ಮದ್ಯ ಎರಡನ್ನೂ ಬಿಡುವ ರೂಢಿ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಇದೆ. ಮಾಂಸವನ್ನು ನಾನು ಸಲೀಸಾಗಿ ಬಿಡುತ್ತಿದ್ದೆನಾದರೂ, ಕೆಲಸ ಮುಗಿಸಿ ಬಂದ ಸಂಜೆ ಒಂದು ಗ್ಲಾಸು ಬಿಯರ್ ಇಲ್ಲದಿರುವುದು ಎರಡನೆಯ ವಾರಕ್ಕೇ ಕಷ್ಟವಾಗುತ್ತಿತ್ತು. ಕಳೆದ ವರ್ಷ ಆ ಹಂಬಲವನ್ನೇ ಸ್ವಲ್ಪ ಗಮನಿಸಿದೆ. ಊಟಕ್ಕೆ ಮುಂಚೆ ನಾಲಗೆಯ ಹಿಂಬದಿಯಲ್ಲಿ ನಿಲ್ಲುವ ತಣ್ಣನೆಯ ಕಹಿ ಮತ್ತು ಕಿತ್ತಳೆ ಸಿಪ್ಪೆಯನ್ನು ನೆನಪಿಸುವ ಘಮ, ಇವೆರಡನ್ನೇ ನಾನು ಹೆಚ್ಚಾಗಿ ಬಯಸುತ್ತಿದ್ದೆ. ಬಿಯರಿನಲ್ಲಿ ಆ ಕಹಿಯೂ ಆ ಘಮವೂ ಮುಖ್ಯವಾಗಿ ಬರುವುದು ಹಾಪ್ಸ್ ಬಳ್ಳಿಯ ಹೆಣ್ಣು ಹೂವಿನಿಂದ. ಹಾಗಿದ್ದರೆ ಹೂವನ್ನಷ್ಟೇ ನೀರಿಗೆ ಹಾಕಿ ನೋಡೋಣವೆಂದು ಸಿಟ್ರಾ ಎಂಬ ಅಮೆರಿಕದ ತಳಿಯ ಹಾಪ್ಸನ್ನು, ಪುಡಿಮಾಡಿ ಗುಳಿಗೆಯಂತೆ ಒತ್ತಿದ ರೂಪದಲ್ಲಿ, 100 ಗ್ರಾಂ ತರಿಸಿದೆ.

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಅಮೃತಬಳ್ಳಿಯ ಕಷಾಯ ಮಾಡುವ ಅಭ್ಯಾಸದಲ್ಲಿ ಒಂದು ಲೀಟರ್ ಬೋರ್‌ವೆಲ್ ನೀರಿಗೆ 10 ಗ್ರಾಂ ಹಾಕಿ ಅರ್ಧ ಗಂಟೆ ಕುದಿಸಿದ್ದೆ. ಹಾಗಲಕಾಯಿಯನ್ನು ಇಷ್ಟಪಟ್ಟು ತಿನ್ನುವ ನನಗೂ ಒಂದು ಗುಟುಕಿಗಿಂತ ಹೆಚ್ಚು ಕುಡಿಯಲಾಗಲಿಲ್ಲ. ಕಹಿಯ ಜೊತೆಗೆ ಎಳೆ ಬಾಳೆಕಾಯಿಯಂಥ ಒಗರೂ ಇತ್ತು. ಘಮವಂತೂ ಅಡುಗೆಮನೆಯ ಗಾಳಿಗೆ ಹೋಗಿತ್ತೇ ಹೊರತು ಪಾತ್ರೆಯಲ್ಲಿ ಉಳಿದಿರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಹಾಪ್ಸಿನಲ್ಲಿರುವ ಆಲ್ಫಾ ಆಮ್ಲಗಳು ಕುದಿಯುವ ಶಾಖದಲ್ಲಿ ರೂಪ ಬದಲಿಸಿ ತೀವ್ರ ಕಹಿಯಾಗುತ್ತವೆ, ಘಮ ಕೊಡುವ ಎಣ್ಣೆಗಳು ಅದೇ ಶಾಖಕ್ಕೆ ಆವಿಯಾಗುತ್ತವೆ. ಸಿಟ್ರಾದಲ್ಲಿ ಈ ಆಮ್ಲಗಳು ಸುಮಾರು 11ರಿಂದ 13 ಪ್ರತಿಶತದಷ್ಟಿರುವುದರಿಂದ ಅದು ಬಲವಾದ ತಳಿ. ಬಿಯರಿನಲ್ಲಾದರೆ ಕಹಿಯನ್ನು ಸರಿದೂಗಿಸಲು ಮೊಳಕೆ ಬಾರ್ಲಿಯ ಸಿಹಿ ಇರುತ್ತದೆ. ಬರಿಯ ನೀರಿಗೆ ಆ ಆಸರೆ ಇಲ್ಲ. ಇನ್ನು ಒಗರಿಗೆ ನಮ್ಮ ಬೋರ್‌ವೆಲ್‌ನ ಕ್ಷಾರಗುಣದ ಗಡಸು ನೀರೂ ಕಾರಣವಾಗಿತ್ತು.

ಹೀಗಾಗಿ ನಾನು ತಿದ್ದಿಕೊಂಡದ್ದು ಮೂರು: ಶಾಖ, ಪ್ರಮಾಣ ಮತ್ತು ಹುಳಿ. ಅರ್ಧ ಲೀಟರ್ ಆರ್‌ಒ ನೀರನ್ನು ಕುದಿಸಿ ಇಳಿಸಿ, ಥರ್ಮಾಮೀಟರ್ 75 ಡಿಗ್ರಿ ಸೆಲ್ಸಿಯಸ್ ತೋರಿಸುವವರೆಗೆ ಕಾಯುತ್ತೇನೆ. ಆಗ ಎರಡು ಟೀ ಚಮಚ ನಿಂಬೆರಸ ಹಾಕಿ, ಆಮೇಲೆ 2 ಗ್ರಾಂ ಹಾಪ್ಸ್ ಹಾಕಿ, ಮುಚ್ಚಿ, 15 ನಿಮಿಷ ಬಿಡುತ್ತೇನೆ. ನಿಂಬೆರಸ ಹಾಪ್ಸಿಗಿಂತ ಮುಂಚೆಯೇ ಬೀಳಬೇಕು, ಏಕೆಂದರೆ ನೀರು ಹುಳಿಯಾಗಿದ್ದಾಗ ಒಗರು ಕಡಿಮೆ ಇಳಿಯುತ್ತದೆ. ಹುಳಿಯ ಮಟ್ಟ ಅಳೆಯುವ ಪಿಎಚ್ ಪಟ್ಟಿಯಲ್ಲಿ ನೀರು 4ಕ್ಕಿಂತ ಕೆಳಗಿದೆಯೇ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಎಂದು ನೋಡಿಕೊಳ್ಳುವುದು ರುಚಿಗೂ ಒಳ್ಳೆಯದು, ಕೆಡದಂತೆ ಇಡುವುದಕ್ಕೂ ಒಳ್ಳೆಯದು. ಎರಡು ಗ್ರಾಂ ಎಂಬುದು ಕಣ್ಣಂದಾಜಿಗೆ ಸಿಗುವ ತೂಕವಲ್ಲವಾದ್ದರಿಂದ ಪುಟ್ಟ ಡಿಜಿಟಲ್ ತಕ್ಕಡಿಯೊಂದನ್ನು ಕೊಳ್ಳಬೇಕಾಯಿತು. ಬಳಿಕ ಒದ್ದೆ ಮಾಡಿದ ತೆಳು ಬಟ್ಟೆಯಲ್ಲಿ ಎರಡು ಬಾರಿ ಸೋಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ತಳದಲ್ಲಿ ಕೂತ ಹಸಿರು ಗಸಿಯನ್ನು ಬಿಟ್ಟು ತಿಳಿಯನ್ನಷ್ಟೇ ಬಸಿದುಕೊಳ್ಳುತ್ತೇನೆ. ಕುಡಿಯುವಾಗ ಅದಕ್ಕೆ ಸಮಪಾಲು ತಣ್ಣನೆಯ ಸೋಡಾವನ್ನು ಗ್ಲಾಸಿನ ಅಂಚಿನಿಂದ ನಿಧಾನವಾಗಿ ಬೆರೆಸಬೇಕು. ರಭಸವಾಗಿ ಸುರಿದರೆ ಉಳಿದ ಸಣ್ಣ ಕಣಗಳ ಸುತ್ತ ಗ್ಯಾಸು ಒಮ್ಮೆಗೇ ಬಿಟ್ಟುಕೊಂಡು ಅರ್ಧ ಪಾನೀಯ ಮೇಜಿನ ಮೇಲಿರುತ್ತದೆ.

ಯೀಸ್ಟನ್ನು ನಾನು ಯಾವ ಹಂತದಲ್ಲೂ ಸೇರಿಸಲಿಲ್ಲ. ಸಕ್ಕರೆಗೆ ಯೀಸ್ಟ್ ಹಾಕಿ ಗ್ಯಾಸು ತರಿಸಿದರೆ ಸ್ವಲ್ಪವಾದರೂ ಮದ್ಯಸಾರ ಹುಟ್ಟುತ್ತದೆ. ವ್ರತದಂತೆ ಹಿಡಿದ ತಿಂಗಳಿಗೆ ಅದು ಸಲ್ಲದು.

ರುಚಿ ಚೆನ್ನಾಗಿದ್ದರೂ ಏನೋ ತೆಳುವೆನಿಸುತ್ತಿದ್ದಾಗ ದಾರಿ ತೋರಿಸಿದವರು ಅಮ್ಮ. ಒಂದು ಗುಟುಕು ಕುಡಿದು, "ಬರೀ ನೀರಿನಲ್ಲಿ ಕಹಿ ನಿಲ್ಲಲ್ಲ ಕಣಪ್ಪ, ಬಾರ್ಲಿ ತಿಳಿಗೆ ಹಾಕಿ ನೋಡು" ಎಂದರು. ಒಂದು ಹಿಡಿ ಬಾರ್ಲಿಯನ್ನು ಬೇಯಿಸಿ ಬಸಿದ ತಿಳಿಯಲ್ಲಿ ಅದೇ ಕ್ರಮದಿಂದ ಮಾಡಿದಾಗ ಪಾನೀಯಕ್ಕೆ ನಾಲಗೆಯ ಮೇಲೆ ಕೂರುವ ಮಂದತೆ ಬಂತು, ನೊರೆಯೂ ಕೊಂಚ ಹೊತ್ತು ನಿಂತಿತು. ನನ್ನ ಮಟ್ಟಿಗೆ ಇಡೀ ತಿಂಗಳಿನ ಅತ್ಯುತ್ತಮ ಪಾನೀಯ ಅದೇ. ಆದರೆ ಬಾರ್ಲಿ ತಿಳಿ ಬೇಗ ಹುಳಿಯುವುದರಿಂದ ಫ್ರಿಜ್ಜಿನಲ್ಲಿಟ್ಟರೂ ಎರಡು ದಿನಕ್ಕಿಂತ ಹೆಚ್ಚು ಇಡುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಹಾಪ್ಸ್ ನಾಯಿಗಳಿಗೆ ವಿಷ. ತಿಂದರೆ ಮೈಶಾಖ ಅಪಾಯದ ಮಟ್ಟಕ್ಕೆ ಏರುತ್ತದೆ. ಆದ್ದರಿಂದ ಸೋಸಿದ ಚರಟವನ್ನು ಗಿಡದ ಬುಡಕ್ಕೆ ಹಾಕದೆ ಕಟ್ಟಿ ಕಸಕ್ಕೆ ಕೊಡುತ್ತೇನೆ. ಎರಡನೆಯದು, ದಿನವೂ ಹೆಚ್ಚಾಗಿ ಕುಡಿಯುವ ಅಭ್ಯಾಸವಿದ್ದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರುವ ಸಾಧ್ಯತೆ ಇರುತ್ತದೆ. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಬಿಯರಿನ ವಾಸನೆಯೇ ಮತ್ತೆ ಕುಡಿಯುವ ಆಸೆ ಎಬ್ಬಿಸುವವರಿಗೂ ಈ ಪಾನೀಯ ತಕ್ಕದ್ದಲ್ಲವೆಂದೇ ನನ್ನ ಅಭಿಪ್ರಾಯ.

ತೆರೆದ ಪೊಟ್ಟಣವನ್ನು ಗಾಳಿ ಹೋಗದಂತೆ ಬಿಗಿದು ಫ್ರೀಜರಿನಲ್ಲಿಡಬೇಕು, ಹೊರಗಿಟ್ಟರೆ ಹಾಪ್ಸ್ ಹಳಸಿ ಚೀಸಿನಂಥ ನಾತ ಬರುತ್ತದೆ. ಗಣೇಶನ ಹಬ್ಬ ಮುಗಿದ ಮೇಲೂ ಸುಮಾರು 30 ಗ್ರಾಂ ಉಳಿದಿತ್ತು. ಭಾನುವಾರದ ಬಾರ್ಲಿ ತಿಳಿಗೆ ಅದನ್ನು ಎರಡೆರಡು ಗ್ರಾಂ ಹಾಕುತ್ತಾ ಬಂದಿದ್ದೇನೆ, ಈಗ ಅಮ್ಮನಿಗೂ ಒಂದು ಗ್ಲಾಸು ಎತ್ತಿಡಬೇಕು.