ನಿಘಂಟಿನ ಡೇಟಾಬೇಸಿನಲ್ಲಿ ಫಂಕ್ಷನ್‌ಗಳ ರಿಗ್ರೆಶನ್ ಪರೀಕ್ಷೆ: ನನ್ನ ಅನುಭವ

ಕನ್ನಡ ನಿಘಂಟಿನ ತಂತ್ರಾಂಶವೊಂದನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಪದಗಳೆಲ್ಲ ಎಸ್‌ಕ್ಯೂಎಲೈಟ್ ಎಂಬ ತಂತ್ರಾಂಶದ ಡೇಟಾಬೇಸಿನಲ್ಲಿವೆ, ಅದನ್ನು ನಡೆಸುವುದು ಪೈಥಾನ್ ಭಾಷೆಯ ಪ್ರೋಗ್ರಾಂ. ಎಸ್‌ಕ್ಯೂಎಲೈಟ್‌ನ ಸ್ವಂತ ಫಂಕ್ಷನ್‌ಗಳು (ಕೊಟ್ಟ ಮೌಲ್ಯಕ್ಕೆ ಉತ್ತರ ಕೊಡುವ ಕೋಡ್ ತುಣುಕುಗಳು) ಕನ್ನಡಕ್ಕೆ ಸಾಲದ ಕಡೆ ನಾವೇ ಬರೆದವನ್ನು ಸೇರಿಸಿದ್ದೇವೆ: ಅಕ್ಷರ ಎಣಿಸುವುದಕ್ಕೆ ಒಂದು, ಬರಹವನ್ನು ಏಕರೂಪಕ್ಕೆ ತರುವುದಕ್ಕೆ ಒಂದು, ವರ್ಣಮಾಲೆಯ ಕ್ರಮದಲ್ಲಿ ಜೋಡಿಸುವುದಕ್ಕೆ ಇನ್ನೊಂದು. ಹಿಂದೆ ಸರಿಯಾಗಿದ್ದದ್ದು ಇಂದಿನ ಬದಲಾವಣೆಯ ನಂತರವೂ ಸರಿಯಾಗಿಯೇ ಇದೆಯೇ ಎಂದು ನೋಡುವ ರಿಗ್ರೆಶನ್ ಪರೀಕ್ಷೆಯನ್ನು ಈ ಎರಡೂ ಬಗೆಯ ಫಂಕ್ಷನ್‌ಗಳಿಗೆ ಒಟ್ಟಿಗೇ ನಡೆಸುತ್ತೇನೆ.

ಎಸ್‌ಕ್ಯೂಎಲೈಟ್‌ನಂತಹ ಸಿದ್ಧ ಲೈಬ್ರರಿಯ ಫಂಕ್ಷನ್‌ಗಳನ್ನು ನಾವೇಕೆ ಪರೀಕ್ಷಿಸಬೇಕು ಎಂದು ಜೊತೆಗೆ ಕೆಲಸ ಮಾಡುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 3.42.0 ಆವೃತ್ತಿಯ ಹೊತ್ತಿಗೆ ಎಸ್‌ಕ್ಯೂಎಲೈಟ್‌ನ ಮೂಲ ಕೋಡ್ ಸುಮಾರು 155.8 ಸಾವಿರ ಸಾಲು. ಅದರ ಪರೀಕ್ಷಾ ಕೋಡ್ ಅದರ 590 ಪಟ್ಟು. ಬಗ್ ಸಿಕ್ಕಿದರೆ, ಅದನ್ನು ತೋರಿಸಿಕೊಡುವ ಹೊಸ ಪರೀಕ್ಷೆ ಸೇರುವವರೆಗೆ ಬಗ್ ಸರಿಹೋಯಿತೆಂದು ಎಸ್‌ಕ್ಯೂಎಲೈಟ್‌ನವರು ಒಪ್ಪುವುದಿಲ್ಲ. ಇಷ್ಟು ಶಿಸ್ತಿನ ತಂಡ ಅಪರೂಪ. ಆದರೆ ಅವರು ಪರೀಕ್ಷಿಸುವುದು ತಮ್ಮ ದಾಖಲೆಯಲ್ಲಿ ಕೊಟ್ಟ ಮಾತನ್ನು. ಆ ಮಾತುಗಳಲ್ಲಿ ಯಾವುದನ್ನು ನೆಚ್ಚಿಕೊಂಡು ನನ್ನ ಪ್ರೋಗ್ರಾಂ ನಿಂತಿದೆ ಎಂಬುದು ನನಗೆ ಮಾತ್ರ ಗೊತ್ತಿರುವ ಸಂಗತಿ. ಅದನ್ನು ಬರೆದಿಡುವ ಜಾಗವೇ ನನ್ನ ಪರೀಕ್ಷೆ.

'ಕನ್ನಡ' ಎಂಬ ಪದಕ್ಕೆ ಎಸ್‌ಕ್ಯೂಎಲೈಟ್‌ನ ಉದ್ದ ಹೇಳುವ ಲೆಂತ್ ಫಂಕ್ಷನ್ 5 ಎನ್ನುತ್ತದೆ. ಓದುವವರಿಗೆ ಕಾಣುವುದು ಮೂರು ಅಕ್ಷರ. ಲೆಂತ್ ಎಣಿಸುವುದು ಕಂಪ್ಯೂಟರಿನ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡ್‌ನ ಸಂಕೇತಗಳನ್ನು: ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ. ಆ ಸಂಕೇತಗಳನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಇದೇ ಪದ 15 ಬೈಟ್. ನಾವು ಬರೆದ ಅಕ್ಷರ ಎಣಿಕೆಯ ಫಂಕ್ಷನ್ 3 ಕೊಡಬೇಕು. ನನ್ನ ಪರೀಕ್ಷೆಯಲ್ಲಿ 5 ಮತ್ತು 3 ಅಕ್ಕಪಕ್ಕದ ಸಾಲುಗಳಲ್ಲಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಯಾರಾದರೂ ಬಳಸಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಕನ್ನಡ ಅಂಕಿಗಳ ವಿಷಯ ಇನ್ನೂ ಸೂಕ್ಷ್ಮ. '೧೨' ಎಂಬ ಪಠ್ಯವನ್ನು ಎಸ್‌ಕ್ಯೂಎಲೈಟ್‌ನ ಬಗೆ ಬದಲಿಸುವ ಕಾಸ್ಟ್ ಮೂಲಕ ಪೂರ್ಣಾಂಕ ಮಾಡಿದರೆ ಸದ್ದಿಲ್ಲದೆ 0 ಬರುತ್ತದೆ. ಪೈಥಾನ್‌ನ ಇಂಟ್ ಫಂಕ್ಷನ್ ಅದನ್ನೇ 12 ಎಂದು ಓದುತ್ತದೆ. ಪುಟಸಂಖ್ಯೆಯನ್ನು ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಕಾಸ್ಟ್‌ನಿಂದಲೂ ಇನ್ನೊಂದು ಇಂಟ್ ಬಳಸುವ ನಮ್ಮ ಫಂಕ್ಷನ್‌ನಿಂದಲೂ ಓದಿದರೆ ಒಂದೇ ಡೇಟಾದಿಂದ ಎರಡು ಉತ್ತರ. ಈ ವ್ಯತ್ಯಾಸವನ್ನೂ ಹಾಗೆಯೇ ಪರೀಕ್ಷೆಯಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಫಂಕ್ಷನ್‌ಗಳನ್ನು ಪೈಥಾನ್‌ನಿಂದ ನೇರವಾಗಿ ಕರೆದು ಪರೀಕ್ಷಿಸುವುದು ಸುಲಭ, ಆದರೆ ಅದು ಅರ್ಧ ಪರೀಕ್ಷೆ. ಡೇಟಾಬೇಸಿನ ಪ್ರಶ್ನಾಭಾಷೆಯಾದ ಎಸ್‌ಕ್ಯೂಎಲ್ ಮೂಲಕವೇ ಕರೆಯಬೇಕು. ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಹೇಗೆ ಬರುತ್ತದೆ, ಸಂಖ್ಯೆ ಪಠ್ಯವಾಗಿ ಬದಲಾಗುತ್ತದೆಯೇ, ಅರ್ಗ್ಯುಮೆಂಟ್‌ಗಳ, ಅಂದರೆ ಫಂಕ್ಷನ್‌ಗೆ ಕೊಡುವ ಮೌಲ್ಯಗಳ, ಕ್ರಮ ಏನು ಎಂಬುದೆಲ್ಲ ಆ ಗಡಿಯಲ್ಲೇ ತೀರ್ಮಾನವಾಗುತ್ತದೆ. ಉದಾಹರಣೆಗೆ ಪಠ್ಯ ಒಂದು ಮಾದರಿಗೆ ಹೊಂದುತ್ತದೆಯೇ ಎಂದು ನೋಡುವ ರೆಜೆಕ್ಸ್‌ಪಿ ಆಪರೇಟರ್ ನಾವು ನೋಂದಾಯಿಸಿದ ರೆಜೆಕ್ಸ್‌ಪಿ ಫಂಕ್ಷನ್ನನ್ನು ಕರೆಯುವಾಗ ಬಲಗಡೆಯ ಮಾದರಿಯನ್ನು ಮೊದಲು ಕೊಡುತ್ತದೆ, ಎಡಗಡೆಯ ಪಠ್ಯವನ್ನು ಆಮೇಲೆ. ಪೈಥಾನ್‌ನಲ್ಲಿ ಎಷ್ಟು ಪರೀಕ್ಷಿಸಿದರೂ ಇದು ಹೊರಬೀಳುವುದಿಲ್ಲ.

ಪ್ರತಿ ಪರೀಕ್ಷಾ ಸಾಲಿನಲ್ಲಿ ಎಸ್‌ಕ್ಯೂಎಲ್ ಅಭಿವ್ಯಕ್ತಿ, ಬರಬೇಕಾದ ಮೌಲ್ಯ, ಟೈಪ್‌ಆಫ್ ಫಂಕ್ಷನ್ ಹೇಳಬೇಕಾದ ಮೌಲ್ಯದ ಬಗೆ (ಪೂರ್ಣಾಂಕ, ದಶಮಾಂಶ, ಪಠ್ಯ ಇತ್ಯಾದಿ), ಈ ಮೂರೂ ಇರುತ್ತವೆ. ಬಗೆಯನ್ನು ನೋಡದಿದ್ದರೆ ಪೈಥಾನ್ 5 ಮತ್ತು 5.0 ಸಮ ಎಂದುಬಿಡುತ್ತದೆ. ಸಂಖ್ಯೆಯೊಂದನ್ನು ದುಂಡಾಗಿಸಿ ಎಸ್‌ಕ್ಯೂಎಲೈಟ್‌ನ ರೌಂಡ್ ಕೊಡುವುದು ಯಾವಾಗಲೂ ದಶಮಾಂಶದ ಬಗೆ. ಒಂದೂ ಸಾಲಿಲ್ಲದ ಕೋಷ್ಟಕದ ಮೇಲೆ ಮೊತ್ತ ಹೇಳುವ ಸಮ್ ನಲ್ ಕೊಟ್ಟರೆ, ಅದೇ ಕೆಲಸದ ಟೋಟಲ್ 0.0 ಕೊಡುತ್ತದೆ. ಪ್ರತಿ ಫಂಕ್ಷನ್‌ಗೂ ನಲ್, ಖಾಲಿ ಪಠ್ಯ, ಸಂಖ್ಯೆ, ಬ್ಲಾಬ್ (ಬರೀ ಬೈಟ್‌ಗಳ ರಾಶಿ), ಇವುಗಳ ಸಾಲುಗಳು ಕಡ್ಡಾಯ. ನಮ್ಮ ಫಂಕ್ಷನ್‌ನೊಳಗೆ ದೋಷ ಉಂಟಾದರೆ ಅದು ಬರೀ 'ಬಳಕೆದಾರರ ಫಂಕ್ಷನ್‌ನಲ್ಲಿ ದೋಷ' ಎಂಬಂತಹ ಒಂದು ಸಾಲಾಗಿ ಹೊರಬರುತ್ತದೆ, ಕಾರಣ ಒಳಗೇ ಉಳಿಯುತ್ತದೆ. ಪರೀಕ್ಷೆ ಓಡಿಸುವಾಗ ಆ ಕಾರಣವನ್ನು ತೋರಿಸುವ ಕಾಲ್‌ಬ್ಯಾಕ್ ಟ್ರೇಸ್‌ಬ್ಯಾಕ್ ಸೌಲಭ್ಯವನ್ನು ಪೈಥಾನ್‌ನಲ್ಲಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.

ದೋಷ ಬರಲೇಬೇಕಾದ ಕಡೆ ಬರುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಇದರ ಬೆಲೆ ತಿಳಿದದ್ದು ಪಠ್ಯಗಳನ್ನು ಜೋಡಿಸುವ ಕಾನ್‌ಕ್ಯಾಟ್‌ನಿಂದ. ಆ ಹೆಸರಿನ ಎರಡು ಅರ್ಗ್ಯುಮೆಂಟ್‌ಗಳ ಫಂಕ್ಷನ್ ನಮ್ಮಲ್ಲಿ ಮೊದಲಿನಿಂದ ಇತ್ತು. ಎರಡರಲ್ಲಿ ಒಂದು ನಲ್ ಆದರೂ ಫಲಿತಾಂಶ ನಲ್; ನಮೂದು ಅಪೂರ್ಣ ಎಂದು ಸಂಪಾದಕರಿಗೆ ತೋರಿಸುವುದು ಅದರಿಂದಲೇ. ಮೂರು ಅರ್ಗ್ಯುಮೆಂಟ್ ಕೊಟ್ಟರೆ ದೋಷ ಬರಬೇಕು ಎಂಬ ಸಾಲೂ ಪರೀಕ್ಷೆಯಲ್ಲಿತ್ತು. ನಮ್ಮ ಸರ್ವರಿನ ಕಾರ್ಯಾಚರಣ ವ್ಯವಸ್ಥೆಯಾದ ಉಬುಂಟು 22.04ರಲ್ಲಿ ಇರುವುದು ಎಸ್‌ಕ್ಯೂಎಲೈಟ್ 3.37.2, ಅಲ್ಲಿ ಎಲ್ಲವೂ ಹಸಿರು, ಅಂದರೆ ಪಾಸು. ಸರ್ವರನ್ನು 24.04ಕ್ಕೆ ಏರಿಸಲು ಹೊರಟಾಗ ಆ ಮೂರು ಅರ್ಗ್ಯುಮೆಂಟ್‌ಗಳ ಸಾಲೊಂದೇ ಕೆಂಪಾಯಿತು: ಬರಬೇಕಾದ ದೋಷ ಬರಲಿಲ್ಲ. 24.04ರಲ್ಲಿರುವುದು ಎಸ್‌ಕ್ಯೂಎಲೈಟ್ 3.45.1. ಎಸ್‌ಕ್ಯೂಎಲೈಟ್ 2023ರ ನವೆಂಬರ್‌ನಲ್ಲಿ ಬಂದ 3.44.0ರಿಂದ ತನ್ನದೇ ಕಾನ್‌ಕ್ಯಾಟ್ ಹೊಂದಿದೆ. ಎಷ್ಟು ಅರ್ಗ್ಯುಮೆಂಟ್ ಇದ್ದರೂ ಅದಕ್ಕೆ ಸರಿ, ನಲ್ ಇದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ಜೋಡಿಸುತ್ತದೆ. ಎರಡು ಅರ್ಗ್ಯುಮೆಂಟ್‌ಗಳ ಕರೆ ನಮ್ಮ ಫಂಕ್ಷನ್‌ಗೇ ಹೋಗುತ್ತಿತ್ತು, ಮೂರರ ಕರೆ ಲೈಬ್ರರಿಯದಕ್ಕೆ. ಒಂದೇ ಹೆಸರಿನಡಿ ನಲ್‌ಗೆ ಎರಡು ನೀತಿ! ಆ ಸಾಲು ಇಲ್ಲದಿದ್ದರೆ ಅಪೂರ್ಣ ನಮೂದುಗಳು ಪೂರ್ಣದಂತೆ ಅಚ್ಚಿಗೆ ಹೋಗುವ ದಾರಿ ತೆರೆದೇ ಇರುತ್ತಿತ್ತು.

ಆಗಿನಿಂದ ನಮ್ಮ ಎಲ್ಲ ಫಂಕ್ಷನ್‌ಗಳ ಹೆಸರಿನ ಮುಂದೆ 'ಕೆಎನ್' ಎಂಬ ಗುರುತಿದೆ. ಜೊತೆಗೆ, ಪ್ರಾಗ್ಮಾ ಫಂಕ್ಷನ್ ಲಿಸ್ಟ್ ಆದೇಶ ಕೊಡುವ ಪಟ್ಟಿಯನ್ನು, ಅಂದರೆ ಪ್ರತಿ ಫಂಕ್ಷನ್ನಿನ ಹೆಸರು, ಅರ್ಗ್ಯುಮೆಂಟ್‌ಗಳ ಸಂಖ್ಯೆ, ಅದು ಲೈಬ್ರರಿಯದೋ ನಮ್ಮದೋ ಎಂಬ ವಿವರವನ್ನು, ಕಡತದಲ್ಲಿ ಉಳಿಸಿಕೊಂಡು ಹೊಸ ಆವೃತ್ತಿ ಬಂದಾಗ ಹಳೆಯದರೊಂದಿಗೆ ಹೋಲಿಸುತ್ತೇನೆ. ಕಷ್ಟವಿಲ್ಲದ ಕೆಲಸ, ಆದರೂ ಹೆಚ್ಚಿನವರು ಮಾಡುವುದಿಲ್ಲ ಎಂಬುದು ನನಗೆ ಬೇಸರ.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಏಕರೂಪದ ಫಂಕ್ಷನ್ ಬಗ್ಗೆ. 'ಕೀ' ಎಂಬುದನ್ನು ದೀರ್ಘ ಈಕಾರದ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಹ್ರಸ್ವ ಚಿಹ್ನೆ ಮತ್ತು ದೀರ್ಘದ ಗುರುತು ಎರಡನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಎಸ್‌ಕ್ಯೂಎಲೈಟ್‌ಗೆ ಬೇರೆ ಬೇರೆ. ಆದ್ದರಿಂದ ಪದಗಳನ್ನು ಏಕರೂಪಕ್ಕೆ ತಂದು ಆ ಫಲಿತಾಂಶದ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಕಟ್ಟಿದ್ದೇವೆ. ಇಂತಹ ಇಂಡೆಕ್ಸ್‌ಗೆ ಫಂಕ್ಷನ್ ಡಿಟರ್ಮಿನಿಸ್ಟಿಕ್ ಎಂದು ನೋಂದಾಯಿಸಬೇಕು, ಅಂದರೆ ಅದೇ ಪಠ್ಯಕ್ಕೆ ಯಾವತ್ತೂ ಅದೇ ಉತ್ತರ ಎಂದು ಮಾತು ಕೊಡಬೇಕು. ಫಂಕ್ಷನ್ನನ್ನು ತಿದ್ದಿದ ದಿನ ಆ ಮಾತು ಮುರಿಯುತ್ತದೆ. 'ರಾಜ್‌ಕುಮಾರ್' ಎಂಬಲ್ಲಿ ಜಕಾರ ಮತ್ತು ಕಕಾರ ಒತ್ತಾಗದಂತೆ ತಡೆಯುವ ಕಾಣದ ಚಿಹ್ನೆಯನ್ನು ತೆಗೆದುಹಾಕುವಂತೆ ಬದಲಿಸಿದೆವು ಎನ್ನಿ. ಇಂಡೆಕ್ಸಿನಲ್ಲಿ ಹಳೆಯ ರೂಪವೇ ಕುಳಿತಿರುತ್ತದೆ, ಹುಡುಕಿದರೆ ಪದ ಸಿಗುವುದಿಲ್ಲ.

ಪ್ರತಿಸಲ ಹೊಸ ಡೇಟಾಬೇಸ್ ಕಟ್ಟಿ ಓಡಿಸುವ ಪರೀಕ್ಷೆಗೆ ಇದು ಎಂದೂ ಕಾಣದು. ಅದಕ್ಕೇ ಹಳೆಯ ಬಿಡುಗಡೆಗಳು ಸೃಷ್ಟಿಸಿದ ಚಿಕ್ಕ ಡೇಟಾಬೇಸ್ ಕಡತಗಳನ್ನು ಪರೀಕ್ಷೆಗಳ ಜೊತೆಯಲ್ಲೇ ಇಟ್ಟುಕೊಂಡಿದ್ದೇನೆ. ಹೊಸ ಕೋಡ್ ಅವನ್ನು ತೆರೆದು, ಒಂದೇ ಕ್ವೆರಿಯನ್ನು ಇಂಡೆಕ್ಸ್ ಬಳಸಿ ಒಮ್ಮೆ, 'ನಾಟ್ ಇಂಡೆಕ್ಸ್ಡ್' ಎಂದು ಹೇಳಿ, ಅಂದರೆ ಇಂಡೆಕ್ಸ್ ಬಳಸದೆ, ಇನ್ನೊಮ್ಮೆ ಓಡಿಸುತ್ತದೆ. ಎರಡು ಉತ್ತರ ಹೊಂದದಿದ್ದರೆ ಬಿಡುಗಡೆ ನಿಲ್ಲುತ್ತದೆ. ಇಂಡೆಕ್ಸನ್ನು ಹೊಸದಾಗಿ ಕಟ್ಟುವ ರೀಇಂಡೆಕ್ಸ್ ಆದೇಶವನ್ನು ಅಪ್‌ಡೇಟ್‌ನೊಳಗೆ ಸೇರಿಸಿದ ಮೇಲೆಯೇ ಮುಂದಿನ ಮಾತು.

ವರ್ಣಮಾಲೆಯ ಕ್ರಮಕ್ಕೂ ಇದೇ ಕಟ್ಟುಪಾಡು. ಯೂನಿಕೋಡ್‌ನಲ್ಲಿ ಳಕಾರ ಲಕಾರದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಲ್ಲಿ ಹಕಾರದ ನಂತರ. ಹಾಗಾಗಿ ಎಸ್‌ಕ್ಯೂಎಲೈಟ್ ತಾನಾಗಿ ಕೊಡುವುದು ಬಳೆ, ಬಸವ, ಬಹಳ. ನಿಘಂಟಿಗೆ ಬೇಕಾದದ್ದು ಬಸವ, ಬಹಳ, ಬಳೆ. ಈ ಮೂರು ಪದಗಳ ಸಾಲಿನ ಜೊತೆಗೆ, ಪದಪಟ್ಟಿಯಿಂದ ಯಾದೃಚ್ಛಿಕವಾಗಿ ಮೂರು ಮೂರು ಪದಗಳನ್ನು ತೆಗೆದು, ಮೊದಲನೆಯದು ಎರಡನೆಯದಕ್ಕಿಂತ ಮುಂದೆ, ಎರಡನೆಯದು ಮೂರನೆಯದಕ್ಕಿಂತ ಮುಂದೆ ಎಂದಾದರೆ ಮೊದಲನೆಯದು ಮೂರನೆಯದಕ್ಕಿಂತಲೂ ಮುಂದೆ ಇದೆಯೇ ಎಂದು ನೋಡುವ ಪರೀಕ್ಷೆಯೂ ಓಡುತ್ತದೆ. ಹೋಲಿಕೆಯ ಫಂಕ್ಷನ್ ಈ ನಿಯಮ ತಪ್ಪಿದರೆ ಏನಾದೀತೆಂದು ಹೇಳಲಾಗದು ಎಂದು ಎಸ್‌ಕ್ಯೂಎಲೈಟ್ ದಾಖಲೆಯೇ ಎಚ್ಚರಿಸುತ್ತದೆ. ಪರೀಕ್ಷೆ ಸೋತರೆ ಆ ಮೂರು ಪದಗಳನ್ನು ಪಟ್ಟಿಯ ಖಾಯಂ ಸಾಲಾಗಿ ಸೇರಿಸಿಯೇ ಫಂಕ್ಷನ್ ತಿದ್ದಲು ಕೂರುತ್ತೇನೆ.