ಬಿಪಿ ನೋಡುವ ಮುಂಚೆ ಕುರ್ಚಿ ನೋಡಿ

ಬಿಪಿ ಮಷಿನ್ನಿನ ಡಬ್ಬ ಒಡೆದ ಹತ್ತೇ ನಿಮಿಷಕ್ಕೆ ಮನೆಮಂದಿಯೆಲ್ಲ ಸರದಿಯಲ್ಲಿ ಕೈ ಚಾಚುತ್ತಾರೆ. ಅಜ್ಜಿಗೆ 162, ಮಗನಿಗೆ 141, ಒಲೆ ಮುಂದಿನಿಂದ ಸೆರಗಿಗೆ ಕೈ ಒರೆಸಿಕೊಂಡು ಬಂದ ಸೊಸೆಗೆ 150. ಸಂಜೆಯೊಳಗೆ ‘ಇದ್ಯಾಕೋ ಸರಿ ಇಲ್ಲ’ ಎಂದು ತೀರ್ಮಾನವಾಗಿ ಮಷಿನ್ ಬೀರು ಸೇರುತ್ತದೆ. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಎಡವಟ್ಟಾಗುವುದು ಹೆಚ್ಚಾಗಿ ಕೂರುವಾಗ ಮತ್ತು ಪಟ್ಟಿ ಕಟ್ಟುವಾಗ.

1. ಕೊಳ್ಳುವುದು

ತೋಳಿಗೆ ಕಟ್ಟುವ, ಬ್ಲೂಟೂತ್ ಇರುವ ಡಿಜಿಟಲ್ ಮಷಿನ್ ತನ್ನಿ. ಮಣಿಕಟ್ಟಿಗೆ ಕಟ್ಟುವಂಥದ್ದು ಬೇಡವೇ ಬೇಡ, ಕೈ ತುಸು ಆಚೀಚೆಯಾದರೂ ಅದರ ಲೆಕ್ಕ ತಪ್ಪುತ್ತದೆ. ದುಡ್ಡು ಕೊಡುವ ಮೊದಲು ಟೈಲರ್ ಟೇಪಿನಲ್ಲಿ ಭುಜ ಮತ್ತು ಮೊಣಕೈ ನಡುವೆ ತೋಳಿನ ಸುತ್ತಳತೆ ನೋಡಿ. ಡಬ್ಬದಲ್ಲಿ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿಗೆ ಹೊಂದುವಂಥದ್ದು. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿಯೂ ಬರುತ್ತದೆ. ದೊಡ್ಡ ಪಟ್ಟಿ ಬಿಡಿಯಾಗಿ ಸಿಗುತ್ತದೆ, ಅದೇ ಕಂಪನಿಯದ್ದೇ ಇರಲಿ. ಪರೀಕ್ಷೆಯಲ್ಲಿ ಪಾಸಾದ ಮಾಡೆಲ್‌ಗಳ ವಿವರ ‘ಸ್ಟ್ರೈಡ್ ಬಿಪಿ’ ಎಂಬ ಜಾಲತಾಣದಲ್ಲಿದೆ.

ಫೋನ್ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇವೆನ್ನುವ ಆ್ಯಪ್‌ಗಳಿದ್ದರೆ ಈಗಲೇ ಅಳಿಸಿ. ಅಂಥದೊಂದು ಜನಪ್ರಿಯ ಆ್ಯಪನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು: ಬಿಪಿ ಜಾಸ್ತಿ ಇದ್ದ 5 ಜನರಲ್ಲಿ ಹೆಚ್ಚುಕಡಿಮೆ 4 ಜನರಿಗೆ ಅದು ಜಾಸ್ತಿ ಇಲ್ಲವೆಂದೇ ತೋರಿಸಿತ್ತು.

2. ಫೋನಿಗೆ ಜೋಡಿಸುವುದು

ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಹುಡುಕುತ್ತ ಕೂರಬೇಡಿ, ಕಂಪನಿಯ ಆ್ಯಪ್ ಒಳಗಿನಿಂದಲೇ ಜೋಡಿಸಿ. ಹಳೆಯ ಆಂಡ್ರಾಯ್ಡ್ ಫೋನಾದರೆ ಲೊಕೇಶನ್ ಆನ್ ಇರಲಿ.

3. ಕೂರುವುದು, ಕಟ್ಟುವುದು

ಇಲ್ಲಿ ಅವಸರ ಬೇಡ. ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಬೆನ್ನಿಗೆ ಆಸರೆ ಇಲ್ಲ. ಸೋಫಾದಲ್ಲಿ ಕೂತು ಮುಂದಿನ ಟೀಪಾಯಿ ಮೇಲೆ ಕೈ ಇಟ್ಟರೆ ಕೈ ತೀರಾ ಕೆಳಗೆ. ಊಟದ ಮೇಜು ಮತ್ತು ಬೆನ್ನಿರುವ ಕುರ್ಚಿಯೇ ವಾಸಿ. ಬೆನ್ನು ಒರಗಿರಬೇಕು, ಎರಡೂ ಪಾದ ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಇರಬಾರದು. ಕುಳ್ಳಗಿರುವವರಿಗೆ ಪಾದ ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಮಣೆ ಇಡಿ.

ಪಟ್ಟಿಯ ನಡುಭಾಗ ಎದೆಯ ನಡುವಿನ ಮಟ್ಟಕ್ಕೆ ಬರಬೇಕು. ಅದಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಮಷಿನ್ 7–8 ಅಂಕ ಜಾಸ್ತಿ ತೋರಿಸುತ್ತದೆ, ಮೇಲಿದ್ದರೆ ಅಷ್ಟೇ ಕಡಿಮೆ. ಮೇಜು ತಗ್ಗಾಗಿದ್ದರೆ ಮೊಣಕೈ ಕೆಳಗೆ ದಿಂಬು ಇಡಿ. ಕೈಯನ್ನು ತಾವೇ ಎತ್ತಿ ಹಿಡಿದುಕೊಳ್ಳುವವರಿದ್ದಾರೆ, ಹಾಗೆ ಮಾಡಿದರೆ ಸ್ನಾಯು ಬಿಗಿದು ಅಂಕಿ ಏರುತ್ತದೆ. ಕೈ ಮೇಜಿನ ಮೇಲೆ ಸತ್ತಂತೆ ಬಿದ್ದಿರಲಿ, ಅಂಗೈ ಮೇಲ್ಮುಖವಾಗಿರಲಿ.

ಪಟ್ಟಿ ಬರಿ ತೋಳಿಗೆ. ಸ್ವೆಟರ್ ಮೇಲೆ ಕಟ್ಟಬೇಡಿ. ಬಿಗಿ ರವಿಕೆಯ ತೋಳನ್ನು ಮೇಲಕ್ಕೆ ಸುರುಳಿ ಸುತ್ತುವುದೂ ತಪ್ಪು, ಅದು ಹಗ್ಗ ಕಟ್ಟಿದಂತೆ ತೋಳನ್ನು ಹಿಂಡುತ್ತದೆ. ಅಮ್ಮಂದಿರು ಸಡಿಲ ತೋಳಿನ ನೈಟಿಯಲ್ಲಿರುವಾಗಲೇ ನೋಡುವುದು ಸಲೀಸು. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಬೇಕು. ರಬ್ಬರ್ ಕೊಳವೆ ಮೊಣಕೈಯ ಒಳಬದಿಯಿಂದ ಅಂಗೈ ಕಡೆಗೆ ಇಳಿಯಲಿ. ಕಟ್ಟಿದ ಮೇಲೆ ಎರಡು ಬೆರಳು ತೂರುವಷ್ಟು ಜಾಗ ಉಳಿಯಬೇಕು.

ಆಮೇಲೆ 5 ನಿಮಿಷ ಸುಮ್ಮನೆ ಕೂರುವುದು. ಇದೇ ಯಾರಿಗೂ ಆಗದ ಕೆಲಸ! ಪಟ್ಟಿ ಉಬ್ಬುತ್ತಿರುವಾಗಲೇ ‘ಸೊಪ್ಪಿನವನು ಬಂದನೇನೋ ನೋಡು’ ಎಂದರೆ ಅಂಕಿ ಹಾರುತ್ತದೆ. ಟಿವಿ ಆರಿಸಿ, ಮೊಬೈಲ್ ದೂರ ಇಡಿ. ಕಾಫಿ, ಬೀಡಿ, ವಾಕಿಂಗ್ ಆದ ಅರ್ಧ ಗಂಟೆಯವರೆಗೆ ನೋಡಬೇಡಿ. ಮೂತ್ರ ಕಟ್ಟಿಕೊಂಡೂ ಕೂರಬೇಡಿ.

4. ಒತ್ತುವುದು

ಬೆಳಿಗ್ಗೆ ಮಾತ್ರೆ, ಕಾಫಿಗೆ ಮುಂಚೆ ಎರಡು ಸಲ, ರಾತ್ರಿ ಊಟಕ್ಕೆ ಮುಂಚೆ ಎರಡು ಸಲ, ನಡುವೆ ಒಂದು ನಿಮಿಷದ ಬಿಡುವು. ಮೊದಲ ದಿನ ಎರಡೂ ತೋಳಿನಲ್ಲಿ ನೋಡಿ, ಜಾಸ್ತಿ ಬಂದ ಕೈಯನ್ನೇ ಮುಂದೆ ಬಳಸಿ. ವಾರವಿಡೀ ನೋಡಿ, ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ಅದು 135/85 ಅಥವಾ ಮೇಲಿದ್ದರೆ ಡಾಕ್ಟರಿಗೆ ತೋರಿಸಬೇಕು. ಒಳ್ಳೆಯ ಅಂಕಿ ಬರುವವರೆಗೂ ಒತ್ತುತ್ತ ಕೂರುವುದು, ಅಂಕಿ ನೋಡಿ ಮಾತ್ರೆ ಬಿಡುವುದು, ಎರಡೂ ಕೂಡದು. 180/120 ದಾಟಿದರೆ 5 ನಿಮಿಷ ಬಿಟ್ಟು ಮತ್ತೆ ನೋಡಿ, ಆಗಲೂ ಇಳಿಯದಿದ್ದರೆ ತಡಮಾಡದೆ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲುವುದು ಅಥವಾ ಕೈಕಾಲು ಸೋಲುವುದು ಇದ್ದರೆ ಕಾಯದೆ 108ಕ್ಕೆ ಕರೆ ಮಾಡಿ.

5. ವಾಚಿನ ವಿಷಯ

ನಾಡಿ, ನಡಿಗೆ, ನಿದ್ದೆಗೆ ವಾಚ್ ಆಗುತ್ತದೆ. ಬಿಪಿಗೆ ನಾನು ನೆಚ್ಚುವುದಿಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್‌ನಲ್ಲಿ ಬಿಪಿ ನೋಡಲು 28 ದಿನಕ್ಕೊಮ್ಮೆ ಪಟ್ಟಿಯ ಮಷಿನ್ನಿನಿಂದಲೇ ಹೊಂದಿಸಬೇಕು. ಅಂದಮೇಲೆ ಮಷಿನ್ ಕೊಳ್ಳುವುದು ಹೇಗೂ ತಪ್ಪುವುದಿಲ್ಲ. ಇನ್ನು ಸೂಜಿ ಚುಚ್ಚದೆ ಶುಗರ್ ಹೇಳುತ್ತೇವೆನ್ನುವ ಅಗ್ಗದ ವಾಚ್, ಉಂಗುರಗಳಿಗೆ ಒಂದು ರೂಪಾಯಿಯೂ ದಂಡ. ಅವನ್ನು ನಂಬಬೇಡಿ ಎಂದು ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ತಪ್ಪು ಅಂಕಿ ನಂಬಿ ಇನ್ಸುಲಿನ್ ಜಾಸ್ತಿ ತೆಗೆದುಕೊಂಡರೆ ಪ್ರಾಣಕ್ಕೇ ಕುತ್ತು.

6. ದಾಖಲೆ

ಒಂದೇ ಮಷಿನ್ ಗಂಡ-ಹೆಂಡತಿ ಇಬ್ಬರಿಗೂ ಆದರೆ ಎರಡು ಯೂಸರ್ ಇರುವ ಮಾಡೆಲ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಯಜಮಾನರ ಬಿಪಿ ಯಜಮಾನತಿಯ ಖಾತೆಗೆ ಜಮೆಯಾಗುತ್ತದೆ. ಬ್ಯಾಟರಿ ಬದಲಿಸಿದಾಗ ತಾರೀಖು ಸರಿ ಇದೆಯೇ ನೋಡಿ. ಆ್ಯಪಿನ ಬಣ್ಣದ ಗ್ರಾಫ್ ನೋಡುತ್ತ ಕೂರಲು ಒಪಿಡಿಯಲ್ಲಿ ಡಾಕ್ಟರಿಗೆ ಪುರುಸೊತ್ತು ಇರುವುದಿಲ್ಲ. ಒಂದು ಹಾಳೆಯಲ್ಲಿ ತಾರೀಖು, ಹೊತ್ತು, ಮೂರು ಅಂಕಿ (ಮೇಲಿನದು, ಕೆಳಗಿನದು, ನಾಡಿ) ಬರೆದು ಕೊಂಡೊಯ್ಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ ಬರೆಯಬೇಡಿ, ಹಾಲಿನ ಲೆಕ್ಕದ ಜೊತೆ ಕಲಸಿಹೋಗುತ್ತದೆ. ಪರದೆಯ ಮೇಲೆ ನಾಡಿ ಏರುಪೇರಿನ ಚಿಹ್ನೆ ಪದೇಪದೇ ಕಂಡರೆ ಅದನ್ನೂ ಗುರುತು ಹಾಕಿ. ಡಾಕ್ಟರು ಇಸಿಜಿ ಮಾಡಿಸಲು ಹೇಳಬಹುದು.

ವರ್ಷಕ್ಕೊಮ್ಮೆ ಮಷಿನ್ನನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಕ್ಲಿನಿಕ್ಕಿನ ಮಷಿನ್ ಜೊತೆ ಅದೇ ಕೈಯಲ್ಲಿ ತಾಳೆ ನೋಡಿಸಿ. ಪಟ್ಟಿಯನ್ನೂ ಮರೆಯದೆ ಒಯ್ಯಿರಿ.