ಹರಳು ಕಟ್ಟುವ ಹೊತ್ತಿಗೆ ಕೈಕಟ್ಟಿ ಕೂಡ್ರಿ

ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ನಾನು ಮಾಡಿದ ಮೊದಲ ಬೆಂಜೋಯಿಕ್ ಆಮ್ಲ ಥೇಟ್ ಮೈದಾಹಿಟ್ಟಿನಂತಿತ್ತು. ಹುಬ್ಬಳ್ಳಿ ಬಸ್ ತಪ್ಪೀತೆಂದು ಬಿಸಿ ಫ್ಲಾಸ್ಕನ್ನು ಸೀದಾ ಐಸಿನಲ್ಲಿ ಇಟ್ಟಿದ್ದೆ. ಶುದ್ಧವಾಗಿದ್ದರೆ ಕಾಯಿಸಿದಾಗ 122 ಡಿಗ್ರಿಗೆ ಕರಗಬೇಕಾದದ್ದು, ಕಲ್ಮಶ ಸೇರಿ 114ಕ್ಕೇ ಶುರುವಾಗಿ 119ರವರೆಗೆ ಎಳೆದಾಡಿತು. ಮುಂದಿನ ವಾರ ಮತ್ತೆ ಅದೇ ಪ್ರಯೋಗ. ನಿಮಗೆ ಆ ಪಾಡು ಬೇಡ.

ಬೆಂಜೋಯಿಕ್ ಆಮ್ಲವನ್ನು ತಯಾರಿಸಿ, ಹರಳು ಕಟ್ಟಿಸಿ ಶುದ್ಧ ಮಾಡುವ ಈ ಪ್ರಯೋಗವನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡಿ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಸರ್ ಇರಲಿ.

ಮೊದಲು ತಯಾರಿ. ದುಂಡು ತಳದ ಫ್ಲಾಸ್ಕಿಗೆ 2.5 ಮಿ.ಲೀ. ಮೀಥೈಲ್ ಬೆಂಜೋಯೇಟ್ (ನೀರಿನಲ್ಲಿ ಬೆರೆಯದ ಎಣ್ಣೆಯಂಥ ದ್ರವ), ಶೇ 10ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ 25 ಮಿ.ಲೀ. ಹಾಕಿ. ಒಂದೆರಡು ಪಿಂಗಾಣಿ ಚೂರು ಬಿಡಿ. ಇಲ್ಲವಾದರೆ ಕುದಿ ಒಮ್ಮೆಲೇ ಉಕ್ಕಿ ಸಿಡಿಯುತ್ತದೆ. ಮೇಲೆ ಕಂಡೆನ್ಸರ್, ಅಂದರೆ ಆವಿಯನ್ನು ತಣಿಸಿ ಫ್ಲಾಸ್ಕಿಗೇ ಮರಳಿಸುವ ಗಾಜಿನ ಕೊಳವೆ, ನಿಲ್ಲಿಸಿ. ಅದರ ನೀರು ಕೆಳಗಿನಿಂದ ಹೊಕ್ಕು ಮೇಲಿನಿಂದ ಹೊರಬರಬೇಕು. ನಳದ ನೀರು ಯಾವಾಗ ಬರುತ್ತದೆಂದು ದಿನ ಎಣಿಸಿದ ಊರು ನಮ್ಮದು, ಅಲ್ವಾ? ಬಕೆಟ್ಟಿಗೆ ಏರ್ ಕೂಲರಿನ ಪುಟ್ಟ ಪಂಪ್ ಇಳಿಬಿಟ್ಟು ಅದೇ ನೀರನ್ನು ಸುತ್ತಿಸಿದರೆ ಸಾಕು.

ಮುಕ್ಕಾಲು ಗಂಟೆ ಕುದಿಸಿ. ಎಣ್ಣೆಯಂಥ ಹನಿಗಳು ಮಾಯವಾದರೆ ಕೆಲಸ ಆಯಿತು. ತಣಿಸಿ, ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಿ. ನೀಲಿ ಲಿಟ್ಮಸ್ ಕೆಂಪಾಗುವ ಹೊತ್ತಿಗೆ ಬೆಂಜೋಯಿಕ್ ಆಮ್ಲದ ಬಿಳಿ ಮುದ್ದೆ ಕಟ್ಟಿರುತ್ತದೆ. ಸೋಸಿಕೊಳ್ಳಿ. 2 ಗ್ರಾಂ ಆಸುಪಾಸು ಸಿಕ್ಕೀತು.

ಇನ್ನು ಶುದ್ಧೀಕರಣ. ಪ್ರಯೋಗದ ಜೀವ ಇರುವುದೇ ಇಲ್ಲಿ. 100 ಮಿ.ಲೀ. ಕುದಿಯುವ ನೀರಿನಲ್ಲಿ ಬೆಂಜೋಯಿಕ್ ಆಮ್ಲ 5 ಗ್ರಾಮಿಗಿಂತ ಜಾಸ್ತಿ ಕರಗುತ್ತದೆ. ಅದೇ ನೀರು 25 ಡಿಗ್ರಿಗೆ ಇಳಿದರೆ ಹಿಡಿದುಕೊಳ್ಳುವುದು ಬರೀ 0.34 ಗ್ರಾಂ. ಉಳಿದದ್ದು ಹರಳಾಗಿ ಹೊರಬರಲೇಬೇಕು. ಸ್ವಲ್ಪವೇ ಇರುವ ಕಲ್ಮಶ ನೀರಿನಲ್ಲೇ ಉಳಿಯುತ್ತದೆ.

2 ಗ್ರಾಮಿಗೆ 50 ಮಿ.ಲೀ. ನೀರು ಹಿಡಿಯಿರಿ. ಒಮ್ಮೆಲೇ ಸುರಿಯಬೇಡಿ, ಮೊದಲು 40, ಕುದಿಸಿ ನೋಡಿ, ಕರಗದಿದ್ದರೆ ಮತ್ತಷ್ಟು. ನೀರು ಹೆಚ್ಚಾದಷ್ಟೂ ನಿಮ್ಮ ಹರಳು ಸಿಂಕಿನ ಪಾಲು. ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವ ಧಾರವಾಡದಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಎಂದು ಬದಲಿಸಲು ಓಡಬೇಡಿ. ಬಣ್ಣ ಕಂಡರೆ ಚಿಟಿಕೆ ಇದ್ದಿಲು ಪುಡಿ ಹಾಕಿ, ಆದರೆ ಉರಿಯಿಂದ ಇಳಿಸಿದ ಮೇಲೆ. ಕುದಿಯುವಾಗ ಹಾಕಿದರೆ ಹಾಲಿನಂತೆ ಉಕ್ಕುತ್ತದೆ.

ಬಿಸಿ ಇರುವಾಗಲೇ ಸೋಸಿ. ಫನಲ್ಲನ್ನೂ ಮೊದಲೇ ಬಿಸಿ ಮಾಡಿಟ್ಟಿರಿ; ತಣ್ಣಗಿದ್ದರೆ ಅದರ ಕೊಳವೆಯಲ್ಲೇ ಹರಳು ಕಟ್ಟಿ ದಾರಿ ಬಂದ್.

ಈಗ ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ಸುಮ್ನೆ ಬಿಡಿ. ಅಲ್ಲಾಡಿಸುವುದು, ಇಣುಕುವುದು ಬೇಡ. ನಿಧಾನವಾಗಿ ತಣಿದರೆ ಹರಳು ಒಂದೊಂದೇ ಪದರವಾಗಿ ಬೆಳೆಯುತ್ತದೆ, ಹೊಂದದ ಕಣಕ್ಕೆ ಜಾಗ ಕೊಡುವುದಿಲ್ಲ. ಆತುರ ಮಾಡಿದರೆ ಕಲ್ಮಶವನ್ನೂ ಒಳಗೇ ಹಿಡಿದುಕೊಂಡುಬಿಡುತ್ತದೆ. ನನ್ನ ಮೈದಾಹಿಟ್ಟಿನ ಕಥೆಯೂ ಅದೇ. ಹರಳು ಬರದಿದ್ದರೆ ಗಾಜಿನ ಕಡ್ಡಿಯಿಂದ ಒಳಗೋಡೆ ಗೀಚಿ. ಪೂರ್ತಿ ತಣಿದ ಮೇಲಷ್ಟೇ ಹತ್ತು ನಿಮಿಷ ಐಸಿನಲ್ಲಿಡಿ. ನೀರನ್ನು ಪಂಪಿನಿಂದ ಎಳೆದು ಸೋಸುವ ಬುಕ್ನರ್ ಫನಲ್ಲಿನಲ್ಲಿ ಸೋಸಿ, ಐಸ್ ನೀರಿನಿಂದ ಸ್ವಲ್ಪವೇ ತೊಳೆಯಿರಿ.

ಜಿಟಿಜಿಟಿ ಮಳೆಯ ಶ್ರಾವಣದಲ್ಲಿ ಹರಳು ಬೇಗ ಒಣಗದು. ಹಾಗೆಂದು ಓವನ್ನಿಗೆ ಜಾಸ್ತಿ ಕಾವು ಕೊಟ್ಟರೆ ಹರಳು ಆವಿಯಾಗಿ ಹಾರಿಹೋಗುತ್ತದೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಡೆಸಿಕೇಟರಿನಲ್ಲಿ (ಬಿಗಿ ಮುಚ್ಚಳದ ಗಾಜಿನ ಪಾತ್ರೆ) ರಾತ್ರಿಯಿಡೀ ಇಡಿ.

ಕೊನೆಗೆ ಗುರುತು ಹಚ್ಚುವುದು. ಹರಳನ್ನು ಪುಡಿ ಮಾಡಿ, ಕ್ಯಾಪಿಲರಿ ಎಂಬ ಸಣ್ಣ ಗಾಜಿನ ಕೊಳವೆಯಲ್ಲಿ 2-3 ಮಿ.ಮೀ. ತುಂಬಿ. 110ರವರೆಗೆ ಬೇಗ ಕಾಯಿಸಿ, ಆಮೇಲೆ ನಿಮಿಷಕ್ಕೆ ಒಂದೆರಡು ಡಿಗ್ರಿ ಮಾತ್ರ. 121-122ರೊಳಗೆ ಕರಗಿ ಮುಗಿದರೆ ಚಲೋ. ಸೋಡಿಯಂ ಬೈಕಾರ್ಬೊನೇಟ್ ದ್ರಾವಣಕ್ಕೆ ಚೂರು ಹಾಕಿದರೆ ಬುಸುಬುಸು ನೊರೆ ಬರಬೇಕು, ಅದು ಆಮ್ಲದ ಗುರುತು.

ಅಂಕಿಯೊಂದನ್ನೇ ನಂಬಬೇಡಿ. ಯೂರಿಯಾ, ಸಿನಮಿಕ್ ಆಮ್ಲ ಎರಡೂ 133 ಡಿಗ್ರಿ ಹತ್ತಿರ ಕರಗುತ್ತವೆ; ಬೆರೆಸಿದರೆ ಬಹಳ ಕೆಳಗೇ ಕರಗಿಬಿಡುತ್ತವೆ. ಹಾಗಾಗಿ ಬಾಟಲಿಯ ಶುದ್ಧ ಬೆಂಜೋಯಿಕ್ ಆಮ್ಲವನ್ನು ನಿಮ್ಮ ಹರಳಿನ ಜತೆ ಸಮಸಮ ಅರೆದು ಇನ್ನೊಮ್ಮೆ ಕಾಯಿಸಿ. ಆಗಲೂ 122 ಕದಲದಿದ್ದರೆ ರೆಕಾರ್ಡಿನಲ್ಲಿ ಹೆಸರು ಬರೆಯಿರಿ.